ಸಣ್ಣ ಹುಡುಗ, ದೊಡ್ಡ ಲೆಕ್ಕ

ಬುಧವಾರ ರಾತ್ರಿ ಮಸ್ಕತ್ತಿನಲ್ಲಿ ಹಾಕಿ ನೋಡಿ ಬಂದವರು ಸುಮ್ಮನೆ ಮನೆಗೆ ಹೋಗಿ ಮಲಗಬೇಕಿತ್ತು. ಮರುದಿನ ಗುರುವಾರ, ಎಲ್ಲರಿಗೂ ಆಫೀಸು. ಆದರೆ ಭಾರತ-ಪಾಕಿಸ್ತಾನ ಫೈನಲ್ ನೋಡಿದ ಕನ್ನಡಿಗರಿಗೆ ಅಷ್ಟು ಸುಲಭಕ್ಕೆ ನಿದ್ದೆ ಬರುತ್ತದೆಯೇ? ರಸ್ತೆ ಬದಿಯ ಕರಕ್ ಚಾ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಕಾಗದದ ಲೋಟ ಬಾನೆಟ್ಟಿನ ಮೇಲಿಟ್ಟುಕೊಂಡು ಶುರು ಹಚ್ಚಿಕೊಂಡೆವು ನೋಡಿ... ಹನ್ನೆರಡೂವರೆ ಆದರೂ ಮುಗಿಯಲಿಲ್ಲ.

ಅದು 2024ರ ಡಿಸೆಂಬರ್ 4. ಜೂನಿಯರ್ ಏಷ್ಯಾ ಕಪ್ ಫೈನಲ್. ಭಾರತ 5, ಪಾಕಿಸ್ತಾನ 3. ಐದರಲ್ಲಿ ನಾಲ್ಕು ಗೋಲು ಒಬ್ಬನದೇ, ಅರೈಜೀತ್ ಸಿಂಗ್ ಹುಂಡಲ್. ಅದಕ್ಕೂ ಮುಂಚೆ 2023ರ ಜೂನ್ 1ರಂದು ಇದೇ ಓಮಾನಿನ ಸಲಾಲಾದಲ್ಲಿ ಇದೇ ಪಾಕಿಸ್ತಾನದ ಮೇಲೆ 2-1ರಲ್ಲಿ ಗೆದ್ದಾಗಲೂ ಒಂದು ಗೋಲು ಅವನದೇ ಆಗಿತ್ತು. ಹಾಗಾಗಿ ಆವತ್ತು ರಾತ್ರಿ ಎಲ್ಲರ ಬಾಯಲ್ಲೂ ಅವನ ಹೆಸರೇ.

ನಾವಿದ್ದದ್ದು ನಾಲ್ಕು ಜನ. ಒಬ್ಬರು ಮಂಗಳೂರಿನ ರಾಯರು. ಮೂವತ್ತು ವರ್ಷದಿಂದ ಇಲ್ಲಿ ಕಂಪನಿಗಳ ಲೆಕ್ಕಪತ್ರ ನೋಡುತ್ತಿರುವವರು. ಇನ್ನೊಬ್ಬ ಸೋಮವಾರಪೇಟೆಯ ಗೆಳೆಯ. ಹಾಕಿ ಅಂದರೆ ತನ್ನ ಊರಿನ ಖಾಸಗಿ ಆಸ್ತಿ ಅಂತ ತಿಳಿದುಕೊಂಡವನು. ಮೂರನೆಯವನು ಅವನ ಮಗ, ಹದಿಮೂರು ವರ್ಷ. ತನ್ನ ವಯಸ್ಸಿನವರಿಗಿಂತ ಒಂದು ಗೇಣು ಕಡಿಮೆ ಎತ್ತರ. ಇಲ್ಲಿನ ಮಕ್ಕಳ ತಂಡದಲ್ಲಿ ಫಾರ್ವರ್ಡ್ ಆಡುತ್ತಾನೆ, ಸಿಕ್ಕಾಪಟ್ಟೆ ಗೋಲು ಹೊಡೆಯುತ್ತಾನೆ. ನಾಲ್ಕನೆಯವನು ನಾನು. ಹಾಕಿ ಸ್ಟಿಕ್ಕನ್ನು ಕೊನೆಯ ಸಲ ಹಿಡಿದದ್ದು ಯಾವಾಗ ಅಂತ ಕೇಳಬೇಡಿ :-)

ರಾಯರೂ ಗೆಳೆಯನೂ ಹುಂಡಲ್ಲನ ನಾಲ್ಕು ಗೋಲುಗಳನ್ನು ಒಂದೊಂದಾಗಿ ಮತ್ತೆ ಆಡಿಸುತ್ತಿದ್ದಾಗ, ಅಷ್ಟು ಹೊತ್ತು ಸುಮ್ಮನಿದ್ದ ಹುಡುಗ ಕೇಳಿದ: "ಅಂಕಲ್, ಅದ್ರಲ್ಲಿ ಮೂರು ಪೆನಾಲ್ಟಿ ಕಾರ್ನರ್‌ನಲ್ಲಿ ಬಂದಿದ್ದಲ್ವಾ? ಆ ಕಾರ್ನರ್ ಗಿಟ್ಟಿಸಿದ್ದು ಯಾರು?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎರಡು ಗಂಟೆಯ ಹಿಂದೆ ಕಣ್ಣಾರೆ ನೋಡಿದ ಪಂದ್ಯ. ಗೊತ್ತಿರಲಿಲ್ಲ.

ಈ ಬರಹ ಶುರುವಾಗಿದ್ದು ಅಲ್ಲಿಂದ.

*

ಹುಡುಗ ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಹಿಂದಿನ ವಾರ ಅವನ ಕೋಚ್ ಅಪ್ಪನನ್ನು ಕರೆದು ಹೇಳಿದ್ದರಂತೆ: ಈಗ ಗೋಲು ಹೊಡೀತಾನೆ ಸರಿ, ಆದರೆ ಮೈಕಟ್ಟು ಸಣ್ಣದು. ದೊಡ್ಡ ಹುಡುಗರ ಜೊತೆ ಆಡುವಾಗ ನಿಲ್ಲುವುದಿಲ್ಲ. ಆಟ ಬೇಕಾದರೆ ಇರಲಿ, ಆದರೆ ಅದನ್ನೇ ನಂಬಬೇಡಿ. ಇತ್ತ ಅಪ್ಪನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಮಗನನ್ನು ಊರಿಗೆ ಕಳಿಸಿ, ಕೂಡಿಗೆಯ ಕ್ರೀಡಾಶಾಲೆಯಂಥ ಕಡೆ ಸೇರಿಸಿದರೆ ಹೇಗೆ? ಸೋಮವಾರಪೇಟೆಯಿಂದ ಕೂಡಿಗೆ ದೂರವೇನಲ್ಲ, ಅಜ್ಜಿ ಮನೆಯೂ ಹತ್ತಿರ. ಆದರೆ ಹೆಂಡತಿ ಒಪ್ಪುತ್ತಿಲ್ಲ. ಗಲ್ಫಿನಲ್ಲಿ ಮಕ್ಕಳನ್ನು ಸಾಕುವವರಿಗೆ ಈ ಪ್ರಶ್ನೆ ಹೊಸದಲ್ಲ. ಎಂದಾದರೂ ಒಂದು ದಿನ ಅವರನ್ನು ವಿಮಾನ ಹತ್ತಿಸಬೇಕು. ಯಾವಾಗ, ಯಾವುದರ ಸಲುವಾಗಿ ಅನ್ನುವುದಷ್ಟೇ ಪ್ರಶ್ನೆ.

ಹಾಗಾಗಿ ಸಣ್ಣ ಮೈಯ, ಹೆಚ್ಚು ಗೋಲು ಹೊಡೆಯುವ ಹುಡುಗನ ಬೆಲೆ ಎಷ್ಟು ಅನ್ನುವುದು ಅವತ್ತು ಬರೀ ಹರಟೆಯ ವಿಷಯ ಆಗಿರಲಿಲ್ಲ.

ರಾಯರದು ಒಂದೇ ಮಾತು. "ಫಾರ್ವರ್ಡ್ ಅಂದ್ರೆ ಗೋಲು ಮಾರಾಯ್ರೆ. ಗೋಲು ಹೊಡೆಯದ ಫಾರ್ವರ್ಡ್ ಅಂದ್ರೆ ಸಾಲ ವಸೂಲಿ ಮಾಡದ ಬ್ಯಾಂಕು. ಹುಡುಗ ಗೋಲು ಹೊಡೀತಾನಾ? ಮತ್ತೆ ಸಣ್ಣವನಾದ್ರೆ ಎಂತ, ದೊಡ್ಡವನಾದ್ರೆ ಎಂತ?"

ಕೇಳಲು ಚೆನ್ನಾಗಿದೆ. ಆದರೆ ಇದೇ ಮಸ್ಕತ್ತಿನಲ್ಲಿ 2018ರಲ್ಲಿ ನಾವು ನೋಡಿದ್ದನ್ನು ನೆನಪಿಸಿದೆ.

ಆ ವರ್ಷ ಅಕ್ಟೋಬರಿನಲ್ಲಿ ಸುಲ್ತಾನ್ ಕಾಬೂಸ್ ಕ್ರೀಡಾ ಸಂಕೀರ್ಣದಲ್ಲಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ನಡೆಯಿತು. ಅಕ್ಟೋಬರ್ 18ರಂದು ಭಾರತದ ಮೊದಲ ಪಂದ್ಯ ಆತಿಥೇಯ ಓಮಾನಿನ ಜೊತೆ. 11-0. ಅದರಲ್ಲಿ ಮೂರು ಗೋಲು ದಿಲ್‌ಪ್ರೀತ್ ಸಿಂಗ್ ಅನ್ನುವ ಹುಡುಗನದು. ಅವನಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಸ್ಟೇಡಿಯಮ್ಮಿನಲ್ಲಿ ನಾವೆಲ್ಲ ಕುಣಿದದ್ದೇ ಕುಣಿದದ್ದು. ನಮ್ಮ ಪಕ್ಕ ಕುಳಿತಿದ್ದ ಓಮಾನಿ ಅಜ್ಜನೊಬ್ಬ ಮಾತ್ರ ಪ್ರತಿ ಗೋಲಿಗೂ ತಲೆ ಆಡಿಸುತ್ತಾ, ಕೊನೆಗೆ ನಮ್ಮ ಕೈ ಕುಲುಕಿ ಎದ್ದು ಹೋದ.

ಆ ಟೂರ್ನಿಯ ಕೊನೆ ನಿಮಗೆ ನೆನಪಿರಬಹುದು. ಅಕ್ಟೋಬರ್ 28ರ ಭಾರತ-ಪಾಕಿಸ್ತಾನ ಫೈನಲ್ ಮಳೆಯಿಂದಾಗಿ ಶುರುವೇ ಆಗಲಿಲ್ಲ. ಮಸ್ಕತ್ತಿನಲ್ಲಿ ಮಳೆ! ವರ್ಷಕ್ಕೆ ಬೆರಳೆಣಿಕೆಯಷ್ಟು ದಿನ ಮಳೆ ಬರುವ ಊರಲ್ಲಿ, ಆವತ್ತೇ ಬರಬೇಕೆ? ಕೊನೆಗೆ ಎರಡೂ ತಂಡಗಳನ್ನು ಜಂಟಿ ವಿಜೇತರು ಅಂತ ಘೋಷಿಸಿದರು.

ದಿಲ್‌ಪ್ರೀತ್ ಮುಂದೇನಾದ? ಅದೇ ವರ್ಷದ ಕೊನೆಯಲ್ಲಿ ಭುವನೇಶ್ವರದ ವಿಶ್ವಕಪ್ ಆಡಿದ. ಆಮೇಲೆ ತಂಡದಿಂದ ಹೊರಗೆ ಬಿದ್ದ. ಮೂರು ಗೋಲಿನ ಹುಡುಗ ಒಂದೇ ವರ್ಷದಲ್ಲಿ ಯಾರಿಗೂ ಬೇಡವಾದ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮರಳಿ ಬಂದ, ಟೋಕಿಯೋಕ್ಕೆ ಹೋದ. 2021ರ ಆಗಸ್ಟ್ 1ರಂದು ಬ್ರಿಟನ್ ಎದುರಿನ ಕ್ವಾರ್ಟರ್ ಫೈನಲ್ಲಿನಲ್ಲಿ ಏಳನೇ ನಿಮಿಷಕ್ಕೇ ಮೊದಲ ಗೋಲು ಹೊಡೆದ. ಭಾರತ 3-1ರಲ್ಲಿ ಗೆದ್ದು, ನಾಲ್ಕು ದಿನಗಳ ಮೇಲೆ ಜರ್ಮನಿಯನ್ನು 5-4ರಲ್ಲಿ ಸೋಲಿಸಿ ಕಂಚು ತಂದಿತು. ನಲವತ್ತೊಂದು ವರ್ಷಗಳ ನಂತರ ಒಲಿಂಪಿಕ್ ಹಾಕಿ ಪದಕ.

"ಈಗ ಹೇಳಿ ರಾಯರೇ," ಅಂದೆ. "ಮಸ್ಕತ್ತಿನ ಮೂರು ಗೋಲು ದೊಡ್ಡದಾ, ಟೋಕಿಯೋದ ಒಂದು ಗೋಲು ದೊಡ್ಡದಾ? ನಿಮ್ಮ ಲೆಕ್ಕದ ಪುಸ್ತಕದಲ್ಲಿ ಮೂರು ಒಂದಕ್ಕಿಂತ ದೊಡ್ಡದೇ ಅಲ್ವಾ?"

ರಾಯರು ಚಾ ಹೀರಿದರು, ಉತ್ತರ ಕೊಡಲಿಲ್ಲ.

*

ಈ ಗೊಂದಲ ಹೊಸದೇನಲ್ಲ. ನಮ್ಮ ಹಾಕಿಯ ಆದಿಯಲ್ಲೇ ಇದೆ.

1932ರ ಲಾಸ್ ಏಂಜಲಿಸ್ ಒಲಿಂಪಿಕ್ಸ್. ಹಾಕಿಗೆ ಬಂದದ್ದೇ ಮೂರು ತಂಡ: ಭಾರತ, ಜಪಾನ್, ಅಮೆರಿಕ. ಭಾರತ ಜಪಾನಿಗೆ 11-1, ಅಮೆರಿಕಕ್ಕೆ 24-1. ಆ ಇಪ್ಪತ್ನಾಲ್ಕರಲ್ಲಿ ರೂಪ್ ಸಿಂಗ್ ಹತ್ತು, ಅವರ ಅಣ್ಣ ಧ್ಯಾನ್ ಚಂದ್ ಎಂಟು. ಆಡಿದ ಎರಡೂ ಪಂದ್ಯ ಸೋತ ಅಮೆರಿಕಕ್ಕೂ ಕಂಚಿನ ಪದಕ ಸಿಕ್ಕಿತು, ಮೂರನೇ ಸ್ಥಾನಕ್ಕೆ ಬೇರೆ ಯಾರೂ ಇರಲಿಲ್ಲವಲ್ಲ!

ಈಗ ಯೋಚಿಸಿ. ಧ್ಯಾನ್ ಚಂದ್ ಅಂದ ತಕ್ಷಣ ಯಾರಾದರೂ ಲಾಸ್ ಏಂಜಲಿಸಿನ ಆ ಎಂಟು ಗೋಲಿನ ಮಾತಾಡುತ್ತಾರೆಯೇ? ಇಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಅನ್ನುತ್ತಾರೆ. ಐದು ಪಂದ್ಯದಲ್ಲಿ ಅವರೊಬ್ಬರದೇ ಹದಿನಾಲ್ಕು ಗೋಲು, ಭಾರತದ ಮೇಲೆ ಒಂದೂ ಇಲ್ಲ. ಇಲ್ಲವೇ 1936ರ ಬರ್ಲಿನ್ ಅನ್ನುತ್ತಾರೆ. ಒಲಿಂಪಿಕ್ಸಿಗೆ ಮೊದಲಿನ ಅಭ್ಯಾಸ ಪಂದ್ಯದಲ್ಲಿ ಭಾರತವನ್ನೇ ಸೋಲಿಸಿದ್ದ ಜರ್ಮನಿ ಫೈನಲ್ಲಿಗೆ ಬಂದಿತ್ತು. ಅರ್ಧ ಸಮಯಕ್ಕೆ ಬರೀ 1-0. ಮುಗಿದಾಗ 8-1. ಬಲವಾದ ಎದುರಾಳಿ, ಬಿಗಿಯಾದ ಮೊದಲರ್ಧ, ಆಮೇಲೆ ಒಡೆದ ಕಟ್ಟೆ. ಜನರ ನೆನಪು ಗೋಲನ್ನು ಎಣಿಸುವುದಷ್ಟೇ ಅಲ್ಲ, ತೂಗಿ ನೋಡುತ್ತದೆ.

ಇನ್ನೊಂದು ಸಂಗತಿ. ಧ್ಯಾನ್ ಚಂದ್ ಭೀಮಕಾಯದವರೇನಲ್ಲ. ನಲವತ್ತು ವರ್ಷದ ಮೇಲೆ ಬಂದ ಮೊಹಮ್ಮದ್ ಶಾಹಿದ್ ಕೂಡ ಅಲ್ಲ. 1980ರ ಮಾಸ್ಕೋ ಫೈನಲ್ಲಿನಲ್ಲಿ ಭಾರತ ಸ್ಪೇನನ್ನು 4-3ರಲ್ಲಿ ಗೆದ್ದಾಗ ನಾಲ್ಕನೇ ಗೋಲು ಹೊಡೆದದ್ದು ಬನಾರಸಿನ ಈ ಇಪ್ಪತ್ತರ ಹುಡುಗ. ಅದೇ ತಂಡದಲ್ಲಿ ನಮ್ಮ ಕೊಡಗಿನ ಎಂ. ಎಂ. ಸೋಮಯ್ಯ ಇದ್ದರು. ಅಂದರೆ ಸಣ್ಣ ಮೈಯವರಿಗೆ ಹಾಕಿ ಹೇಳಿದ್ದಲ್ಲ ಅನ್ನುವುದು ನಮ್ಮ ಹಾಕಿಯ ಮಾತಲ್ಲವೇ ಅಲ್ಲ. ಅದು ಆಮೇಲೆ ಬಂದದ್ದು.

ಯಾವಾಗ ಬಂತು? 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊದಲ ಸಲ ಕೃತಕ ಟರ್ಫ್ ಹಾಸಿದರು. ಹುಲ್ಲಿನ ಮೇಲೆ ಚೆಂಡು ಎಲ್ಲೆಲ್ಲೋ ಪುಟಿಯುತ್ತದೆ, ಅದನ್ನು ಕೋಲಿಗೆ ಅಂಟಿಸಿಕೊಂಡು ಹೋಗಬಲ್ಲ ಕೈಚಳಕಕ್ಕೆ ಅಲ್ಲಿ ಬೆಲೆ. ಟರ್ಫಿನ ಮೇಲೆ ಚೆಂಡು ನೇರ, ಜೋರು. ಓಡುವ ದಮ್ಮಿಗೆ, ಜೋರಾಗಿ ಹೊಡೆಯುವ ತೋಳಿಗೆ ಬೆಲೆ ಏರಿತು. 1975ರಲ್ಲಿ ವಿಶ್ವಕಪ್ ಗೆದ್ದಿದ್ದ ಭಾರತ ಮರುವರ್ಷ ಮಾಂಟ್ರಿಯಲ್ಲಿನಲ್ಲಿ ಏಳನೇ ಸ್ಥಾನಕ್ಕೆ ಜಾರಿತು. ಆ ಗಾಬರಿಯಲ್ಲಿ "ಎತ್ತರದ, ಗಟ್ಟಿಮುಟ್ಟಾದ ಹುಡುಗರನ್ನು ಹುಡುಕಿ" ಅನ್ನುವ ಮಾತು ನಮ್ಮ ಮೈದಾನಗಳಿಗೂ ಬಂತು. ನಮ್ಮ ಹುಡುಗನ ಕೋಚ್ ಹೇಳಿದ್ದು ಅದೇ ಮಾತಿನ ಮರಿಮೊಮ್ಮಗ.

ಆದರೆ ಅದೇ ಟರ್ಫಿನ ಕಾಲದಲ್ಲೇ ಇನ್ನೊಂದು ಬದಲಾವಣೆಯೂ ಆಯಿತು. 1990ರ ದಶಕದ ಕೊನೆಯ ಹೊತ್ತಿಗೆ ಹಾಕಿಯಲ್ಲಿ ಆಫ್‌ಸೈಡ್ ನಿಯಮವನ್ನು ಪೂರ್ತಿ ತೆಗೆದುಹಾಕಿದರು. ಈಗ ಫಾರ್ವರ್ಡ್ ಎದುರಾಳಿಯ ಬೆನ್ನ ಹಿಂದೆ ಎಲ್ಲಿ ಬೇಕಾದರೂ ನಿಲ್ಲಬಹುದು. ಹಾಗಾದರೆ ಯಾರಿಗೆ ಲಾಭ? ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ಗಜ ಓಡಿ ಖಾಲಿ ಜಾಗ ಸೇರುವವನಿಗೆ. ಅಂದರೆ ಸಣ್ಣ, ಚುರುಕು ಮೈಯವನಿಗೆ. ಒಂದು ಬಾಗಿಲು ಮುಚ್ಚಿತ್ತು, ಇನ್ನೊಂದು ತೆರೆಯಿತು. ತೆರೆದದ್ದನ್ನು ಎಲ್ಲ ಕೋಚುಗಳೂ ನೋಡಲಿಲ್ಲ, ಅಷ್ಟೆ.

*

ಇಲ್ಲಿಗೆ ಬಂದಾಗ ಸೋಮವಾರಪೇಟೆಯ ಗೆಳೆಯನಿಗೆ ಎಲ್ಲಿಲ್ಲದ ಹುರುಪು. "ನಮ್ಮೂರಿನದು ಹೇಳು, ನಮ್ಮೂರಿನದು ಹೇಳು" ಅಂತ. ಹೇಳಲೇಬೇಕು ಬಿಡಿ, ಯಾಕೆಂದರೆ ಆ ಪುಟ್ಟ ಊರಿನ ಲೆಕ್ಕ ನಿಜಕ್ಕೂ ಆಶ್ಚರ್ಯದ್ದು.

ಕೊಡಗು ಅಂದರೆ ಹಾಕಿ ಅಂತ ಎಲ್ಲರಿಗೂ ಗೊತ್ತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಶುರು ಮಾಡಿದರು. ಆಗ ಅರವತ್ತು ಕುಟುಂಬಗಳ ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್ಪಿಗೆ 360 ತಂಡಗಳು ಬಂದು ಗಿನ್ನೆಸ್ ದಾಖಲೆಯೇ ಆಯಿತು. ಆದರೆ ಜಿಲ್ಲೆಯ ಉತ್ತರದ ತುದಿಯಲ್ಲಿರುವ ಸೋಮವಾರಪೇಟೆಯ ಕಥೆ ಬೇರೆ. ಅಲ್ಲಿ ಆಟ ಪೇಟೆಯ ಎಲ್ಲ ಜನರ ಮಕ್ಕಳದ್ದು.

ಮೊದಲು ಬಂದವರು ಬಿ. ಪಿ. ಗೋವಿಂದ. 1951ರಲ್ಲಿ ಹುಟ್ಟಿದವರು, ಫಾರ್ವರ್ಡ್. 1972ರ ಮ್ಯೂನಿಕ್ ಒಲಿಂಪಿಕ್ಸಿನ ಕಂಚಿನ ತಂಡದಲ್ಲಿದ್ದರು. 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಲ್ಲಿ ಸೋಲಿಸಿ ವಿಶ್ವಕಪ್ ಎತ್ತಿದ ತಂಡದಲ್ಲೂ ಇದ್ದರು. ಆ ಫೈನಲ್ಲಿನ ಎರಡು ಗೋಲು ಸುರ್ಜಿತ್ ಸಿಂಗ್ ಮತ್ತು ಧ್ಯಾನ್ ಚಂದರ ಮಗ ಅಶೋಕ್ ಕುಮಾರರದು. ಗೋವಿಂದರದಲ್ಲ. ಹಾಗಂತ ಗೋವಿಂದರಿಗೆ ಆ ಕಪ್ಪಿನಲ್ಲಿ ಪಾಲಿಲ್ಲವೇ?

ಆಮೇಲೆ 1980ರಲ್ಲಿ ಹುಟ್ಟಿದ ಅರ್ಜುನ್ ಹಾಲಪ್ಪ. 2001ರಲ್ಲಿ ಹೋಬರ್ಟಿನಲ್ಲಿ ಜೂನಿಯರ್ ವಿಶ್ವಕಪ್ ಗೆದ್ದ ತಂಡದವರು, 2004ರ ಅಥೆನ್ಸ್ ಒಲಿಂಪಿಕ್ಸ್ ಆಡಿದವರು.

ಮೂರನೆಯವನೇ ನಮ್ಮ ಚರ್ಚೆಯ ನಾಯಕ. ಸೋಮವಾರಪೇಟೆ ವಿಠಲಾಚಾರ್ಯ ಸುನಿಲ್. ಎಸ್. ವಿ. ಸುನಿಲ್ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಹುಟ್ಟಿದ್ದು 1989ರ ಮೇ 6. ಅಪ್ಪ ಮರಗೆಲಸದವರು. ಸ್ಟಿಕ್ ಕೊಳ್ಳಲು ಕೈಯಲ್ಲಿ ಹಣವಿಲ್ಲದಾಗ ಬಿದಿರಿನ ಕೋಲು ಹಿಡಿದು ಆಡಿದ ಹುಡುಗ. ತೆಳ್ಳನೆ ಮೈ, ಕಾಲಿಗೆ ಚಕ್ರ ಕಟ್ಟಿದ ಹಾಗೆ ಓಟ. 2007ರಲ್ಲಿ ಚೆನ್ನೈಯ ಏಷ್ಯಾ ಕಪ್ಪಿನಲ್ಲಿ, ಹದಿನೆಂಟನೇ ವಯಸ್ಸಿಗೆ, ಭಾರತಕ್ಕೆ ಆಡಲು ಇಳಿದ. ಭಾರತ ಫೈನಲ್ಲಿನಲ್ಲಿ ದಕ್ಷಿಣ ಕೊರಿಯಾವನ್ನು 7-2ರಲ್ಲಿ ಸೋಲಿಸಿತು. ಅಲ್ಲಿಂದ ಹದಿನಾಲ್ಕು ವರ್ಷ. 264 ಪಂದ್ಯ, 72 ಗೋಲು. ಲಂಡನ್ ಮತ್ತು ರಿಯೋ ಒಲಿಂಪಿಕ್ಸ್, 2014ರ ಇಂಚಾನ್ ಏಷ್ಯನ್ ಗೇಮ್ಸ್ ಚಿನ್ನ, 2016ರ ಏಷ್ಯಾದ ವರ್ಷದ ಆಟಗಾರ, 2017ರ ಅರ್ಜುನ ಪ್ರಶಸ್ತಿ.

ರಾಯರು ತಕ್ಷಣ ಫೋನು ತೆಗೆದು ಭಾಗಾಕಾರ ಮಾಡಿದರು. "ನೋಡಿ, 264ಕ್ಕೆ 72. ನಾಲ್ಕು ಪಂದ್ಯಕ್ಕೆ ಒಂದು ಗೋಲು, ಸ್ವಲ್ಪ ಜಾಸ್ತಿ. ಫಾರ್ವರ್ಡ್‌ಗೆ ಇದು ಸಾಕಾಗ್ತದಾ? ಆ ಕಾಲದಲ್ಲೂ ಜನ ಬೈತಿದ್ರಲ್ಲ, ಓಡ್ತಾನೆ, ಕೊನೆಗೆ ಹೊರಗೆ ಹೊಡೀತಾನೆ ಅಂತ."

ಬೈತಿದ್ದರು, ನಿಜ. ನಾನೂ ಬೈದಿದ್ದೇನೆ, ಟೀವಿ ಮುಂದೆ ಕೂತು. ಇಷ್ಟು ಚಂದ ಓಡಿಕೊಂಡು ಹೋಗಿ ಕೊನೇ ಗಳಿಗೆಯಲ್ಲಿ ಹೀಗೆ ಮಾಡ್ತಾನಲ್ಲಪ್ಪ ಅಂತ. ಆದರೆ ಅದೇ ಕಾಲದ, ಅದೇ ಜಿಲ್ಲೆಯ ಇನ್ನೊಬ್ಬನ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿ. ವಿ. ಆರ್. ರಘುನಾಥ್. ಎತ್ತರದ ಆಳು, ಗಟ್ಟಿ ತೋಳು, ಆಡಿದ್ದು ಹಿಂದಿನ ಸಾಲಿನಲ್ಲಿ, ಫುಲ್ ಬ್ಯಾಕ್ ಆಗಿ. ಇನ್ನೂರಕ್ಕೂ ಹೆಚ್ಚು ಪಂದ್ಯ, ನೂರಕ್ಕೂ ಹೆಚ್ಚು ಗೋಲು! ಗೋಲು ತಡೆಯಬೇಕಾದವನ ಗೋಲು ನೂರು ದಾಟಿದೆ, ಗೋಲು ಹೊಡೆಯಬೇಕಾದವನದು ಎಪ್ಪತ್ತೆರಡು.

ಹಾಗಾದರೆ ರಘುನಾಥ್ ಸುನಿಲ್‌ಗಿಂತ ಒಳ್ಳೆಯ ಫಾರ್ವರ್ಡಾ? ರಾಯರೂ ನಕ್ಕುಬಿಟ್ಟರು. ವಿಷಯ ಅದಲ್ಲ. ರಘುನಾಥ್ ಪೆನಾಲ್ಟಿ ಕಾರ್ನರಿನ ಡ್ರ್ಯಾಗ್ ಫ್ಲಿಕ್ ಹೊಡೆಯುವವನು. ಕಾರ್ನರ್ ಸಿಕ್ಕರೆ ತಾನೇ ಹೊಡೆಯುವುದು? ಅದನ್ನು ಗಿಟ್ಟಿಸಿ ಕೊಡುವವರು ಯಾರು?

ಹುಡುಗನ ಪ್ರಶ್ನೆಗೆ ವಾಪಸ್ ಬಂದೆವು.

*

ಹಾಕಿ ಅಷ್ಟಾಗಿ ನೋಡದವರಿಗಾಗಿ ಎರಡು ಮಾತು. ಗೋಲಿನ ಮುಂದೆ ಅರೆ ಬಿಲ್ಲಿನ ಹಾಗೆ ಒಂದು ಗೆರೆ ಇರುತ್ತದೆ, ಅದನ್ನೇ ಡಿ ಅನ್ನುವುದು. ಗೋಲುಗಂಬಗಳಿಂದ 14.63 ಮೀಟರ್ ದೂರ. ಅದರೊಳಗಿಂದ ಹೊಡೆದರಷ್ಟೇ ಗೋಲು. ಡಿ ಒಳಗೆ ಚೆಂಡು ರಕ್ಷಕನ ಕಾಲಿಗೆ ತಗುಲಿದರೆ, ಅಥವಾ ಅವನು ಕೋಲಿಗೆ ಕೋಲು ಹೊಡೆದರೆ ಪೆನಾಲ್ಟಿ ಕಾರ್ನರ್. ಆಗ ಗೋಲ್‌ಕೀಪರ್ ಸೇರಿ ಐವರಷ್ಟೇ ಗೋಲು ಕಾಯಬೇಕು, ಉಳಿದವರು ನಡುಗೆರೆಯ ಆಚೆ. ಒಬ್ಬ ಗೆರೆಯಿಂದ ಚೆಂಡು ತಳ್ಳುತ್ತಾನೆ, ಒಬ್ಬ ಡಿ ಹೊರಗೆ ನಿಲ್ಲಿಸುತ್ತಾನೆ, ಮೂರನೆಯವನು ಎಳೆದು ಬೀಸುತ್ತಾನೆ. ಸ್ಕೋರ್ ಪಟ್ಟಿಯಲ್ಲಿ ಬರುವುದು ಮೂರನೆಯವನ ಹೆಸರು ಮಾತ್ರ.

ಈಗ ಸಣ್ಣ ಮೈಯ ಫಾರ್ವರ್ಡ್ ಡಿ ಒಳಗೆ ನುಗ್ಗಿದಾಗ ಏನಾಗುತ್ತದೆ ನೋಡಿ. ಅವನು ನೆಲಕ್ಕೆ ಹತ್ತಿರ. ಬಗ್ಗಲು ಎತ್ತರದವನಷ್ಟು ಹೊತ್ತು ಬೇಡ. ಎಡಕ್ಕೆ ಹೋಗುವ ಹಾಗೆ ಮಾಡಿ ಬಲಕ್ಕೆ ತಿರುಗಲು ಅರ್ಧ ಹೆಜ್ಜೆ ಸಾಕು. ಆರಡಿ ಎತ್ತರದ ರಕ್ಷಕ ತಿರುಗುವಷ್ಟರಲ್ಲಿ ಅವನ ಕಾಲು ಅಲ್ಲೇ ಉಳಿದಿರುತ್ತದೆ. ಆ ಕಾಲಿಗೆ ಚೆಂಡು ತಾಗಿಸಿದರೆ ಮುಗಿಯಿತು, ಸೀಟಿ ಊದುತ್ತಾರೆ. ಇದು ಗೋಲು ಹೊಡೆಯುವಷ್ಟೇ ಕಲಿತು ಮಾಡುವ ಕೆಲಸ.

ಸುನಿಲ್ ವರ್ಷಗಟ್ಟಲೆ ಮಾಡಿದ್ದು ಈ ಕೆಲಸ. ಬಲಗಡೆಯಿಂದ ಓಡಿಬಂದು ಎದುರಾಳಿಯ ಸಾಲನ್ನೇ ಹರಿದು ಬಿಡುತ್ತಿದ್ದ. ಇಬ್ಬರು ಅವನ ಹಿಂದೆ ಬಿದ್ದರೆ ಇನ್ನೊಂದು ಕಡೆ ಒಬ್ಬ ಖಾಲಿ. ಅವನು ಕೊಟ್ಟ ಪಾಸು, ಗಿಟ್ಟಿಸಿದ ಕಾರ್ನರು, ಎಳೆದೊಯ್ದ ರಕ್ಷಕ... ಯಾವುದೂ 72ರಲ್ಲಿ ಇಲ್ಲ.

ಹಾಗಂತ ನಾನು ರಾಯರ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಸುನಿಲ್ ಇದ್ದ, ರಘುನಾಥ್ ಇದ್ದ. ಭಾರತ ಒಂದೂ ಪಂದ್ಯ ಗೆಲ್ಲದೆ ಹನ್ನೆರಡನೇ ಸ್ಥಾನಕ್ಕೆ, ಅಂದರೆ ಕೊನೆಗೆ ಬಿತ್ತು. ಓಡಿದ್ದಕ್ಕೆ, ಗಿಟ್ಟಿಸಿದ್ದಕ್ಕೆ ಪದಕ ಕೊಡುವುದಿಲ್ಲ. ಕೊನೆಗೆ ಯಾರೋ ಒಬ್ಬ ಚೆಂಡನ್ನು ಹಲಗೆಗೆ ಬಡಿಯಲೇಬೇಕು. ಬಿಗಿಯಾದ ಪಂದ್ಯದಲ್ಲಿ ಸಿಕ್ಕಿದ ಒಂದೇ ಅವಕಾಶವನ್ನು ಕಳೆದವನಿಗೆ "ನೀನು ಹತ್ತು ಕಾರ್ನರ್ ಗಿಟ್ಟಿಸಿದ್ದೀಯ" ಅಂತ ಹೇಳಿ ಸಮಾಧಾನ ಮಾಡಲಾಗುವುದಿಲ್ಲ. ರಾಯರ ಲೆಕ್ಕ ಸುಳ್ಳಲ್ಲ. ಅದರಲ್ಲಿ ಒಂದು ಕಾಲಂ ಕಡಿಮೆ ಇದೆ, ಅಷ್ಟೇ ನನ್ನ ತಕರಾರು.

ಆ ಕಡಿಮೆ ಇರುವ ಕಾಲಮ್ಮಿನ ಬೆಲೆ ಗೊತ್ತಾಗುವುದು ಆಟಗಾರ ಇಲ್ಲದಾಗ. 2018ರ ಅಕ್ಟೋಬರಿನಲ್ಲಿ ಮಸ್ಕತ್ತಿಗೆ ಬಂದ ಭಾರತ ತಂಡದಲ್ಲಿ ಸುನಿಲ್ ಇರಲಿಲ್ಲ. ಮಂಡಿಯ ಗಾಯದಿಂದ ಆ ವರ್ಷದ ವಿಶ್ವಕಪ್ಪೂ ತಪ್ಪಿತು. ಭುವನೇಶ್ವರದ ಕ್ವಾರ್ಟರ್ ಫೈನಲ್ಲಿನಲ್ಲಿ ಭಾರತ ನೆದರ್ಲೆಂಡ್ಸಿಗೆ 1-2ರಲ್ಲಿ ಸೋತಾಗ, ಕೊನೆಯ ಹತ್ತು ನಿಮಿಷ ನಮ್ಮ ಗೆಳೆಯ ಟೀವಿ ಮುಂದೆ ಹೇಳುತ್ತಿದ್ದದ್ದು ಒಂದೇ ಮಾತು: "ಬಲಗಡೆ ಓಡೋನು ಇಲ್ವಲ್ಲೋ..." ಸುನಿಲ್ ಇದ್ದಿದ್ದರೆ ಗೆಲ್ಲುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಆ ಜಾಗ ಖಾಲಿ ಕಂಡದ್ದು ಮಾತ್ರ ನಿಜ.

2021ರಲ್ಲಿ ಟೋಕಿಯೋ ತಂಡದಲ್ಲೂ ಅವನ ಹೆಸರು ಬರಲಿಲ್ಲ. ಆ ಅಕ್ಟೋಬರ್ 1ರಂದು ಅಂತರರಾಷ್ಟ್ರೀಯ ಹಾಕಿಗೆ ವಿದಾಯ ಹೇಳಿದ. ಹದಿನಾಲ್ಕು ವರ್ಷ ಓಡಿದವನಿಗೆ ಒಲಿಂಪಿಕ್ ಪದಕ ಸಿಗಲಿಲ್ಲ. ಮಸ್ಕತ್ತಿನ ಮೂರು ಗೋಲಿನ ದಿಲ್‌ಪ್ರೀತನಿಗೆ ಸಿಕ್ಕಿತು. ಆಟ ಹೀಗೂ ಲೆಕ್ಕ ಮಾಡುತ್ತದೆ.

*

ಅವತ್ತು ರಾತ್ರಿ ಕೊನೆಗೆ ಎಲ್ಲರನ್ನೂ ಸುಮ್ಮನಾಗಿಸಿದ್ದು ಇದ್ಯಾವುದೂ ಅಲ್ಲ. 2009ರ ಸಂಗತಿ.

ಮಲೇಷ್ಯಾದಲ್ಲಿ ಸುಲ್ತಾನ್ ಅಜ್ಲಾನ್ ಷಾ ಕಪ್ ನಡೆಯುತ್ತಿತ್ತು. ಸುನಿಲ್‌ಗೆ ಇಪ್ಪತ್ತೂ ತುಂಬಿರಲಿಲ್ಲ. ಟೂರ್ನಿಯ ನಡುವೆ ಊರಿನಿಂದ ಸುದ್ದಿ ಬಂತು, ಅಪ್ಪ ತೀರಿಕೊಂಡರು ಅಂತ. ಹುಡುಗ ಊರಿಗೆ ಹೋಗಲಿಲ್ಲ. ತಂಡದ ಜೊತೆಯೇ ಉಳಿದು ಆಡಿದ. ಭಾರತ ಆ ಕಪ್ ಗೆದ್ದಿತು.

ಊರಲ್ಲಿರುವವರು ಇದನ್ನು ಓದಿ "ಅಬ್ಬಾ" ಅನ್ನಬಹುದು. ಇಲ್ಲಿರುವ ನಮಗೆ ಬೇರೆ ಥರ ತಾಗುತ್ತದೆ. ನಡುರಾತ್ರಿ ಊರಿನ ನಂಬರಿನಿಂದ ಫೋನು ಬಂದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅಂತ ಗಲ್ಫಿನಲ್ಲಿ ಇದ್ದವರಿಗೆ ಗೊತ್ತು. ರಜೆ ಸಿಗದೆ, ಟಿಕೆಟ್ ಸಿಗದೆ, ಅಪ್ಪನ ಹನ್ನೊಂದನೆಯ ದಿನಕ್ಕೆ ಹೋದವರು ನಮ್ಮಲ್ಲೇ ಇದ್ದಾರೆ. ರಾಯರೂ ಅವರಲ್ಲಿ ಒಬ್ಬರು. ಅವರು ಲೋಟ ಕೆಳಗಿಟ್ಟು ಹೇಳಿದರು: "ಇದಕ್ಕೆ ನನ್ನ ಹತ್ರ ಕಾಲಂ ಇಲ್ಲ ಮಾರಾಯ್ರೆ."

ಗೆಳೆಯ ಮಗನ ತಲೆಯ ಮೇಲೆ ಕೈಯಿಟ್ಟು ನಿಂತಿದ್ದ. ಅವನ ಮನಸ್ಸಿನಲ್ಲಿ ಏನು ಓಡುತ್ತಿತ್ತು ಅಂತ ಊಹಿಸುವುದು ಕಷ್ಟವಲ್ಲ. ಮಗನನ್ನು ಕಳಿಸುವುದು ಅಂದರೆ ಇದನ್ನೂ ಸೇರಿಸಿಯೇ ಕಳಿಸುವುದು. ಒಂದು ದಿನ ಅವನು ದೂರದಲ್ಲಿ ಆಡುತ್ತಿರುತ್ತಾನೆ, ತಾನು ಇರುವುದಿಲ್ಲ. ಬಡಗಿಯಾಗಿದ್ದ ಆ ಅಪ್ಪ ಮಗನನ್ನು ಆಡಲು ಬಿಟ್ಟಾಗ ಎಷ್ಟು ಗೋಲು ಹೊಡೀತಾನೆ ಅಂತ ಲೆಕ್ಕ ಹಾಕಿದ್ದರೇ?

*

ಆ ರಾತ್ರಿ ಏನೂ ತೀರ್ಮಾನ ಆಗಲಿಲ್ಲ. ಇಂಥ ಚರ್ಚೆಗಳಲ್ಲಿ ಆಗುವುದೂ ಇಲ್ಲ. ಆದರೆ ನಾನೊಂದು ಕೆಲಸ ಶುರು ಮಾಡಿದೆ. ಶುಕ್ರವಾರ ಮಕ್ಕಳ ಪಂದ್ಯ ಇದ್ದಾಗ ಒಂದು ಸಣ್ಣ ನೋಟ್‌ಬುಕ್ ಜೇಬಿಗೆ ಹಾಕಿಕೊಂಡು ಹೋಗುತ್ತೇನೆ. ಗೋಲು ಬರೆದುಕೊಳ್ಳುವುದಿಲ್ಲ, ಅದನ್ನು ಎಲ್ಲರೂ ಎಣಿಸುತ್ತಾರೆ. ಹುಡುಗ ಎಷ್ಟು ಸಲ ಡಿ ಒಳಗೆ ಹೋದ, ಎಷ್ಟು ಕಾರ್ನರ್ ಗಿಟ್ಟಿಸಿದ, ಚೆಂಡು ಕಳೆದುಕೊಂಡ ಮೇಲೆ ಎಷ್ಟು ಸಲ ಹಿಂದೆ ಓಡಿಬಂದ, ಇಷ್ಟೇ.

ಒಂದೇ ತಿಂಗಳಲ್ಲಿ ಒಂದು ವಿಷಯ ಗೊತ್ತಾಯಿತು. ಬಲವಿಲ್ಲದ ತಂಡದ ಎದುರು ಅವನು ನಾಲ್ಕು ಗೋಲು ಹೊಡೆದ ದಿನ ನನ್ನ ಪುಸ್ತಕ ಹೆಚ್ಚುಕಮ್ಮಿ ಖಾಲಿ. ನಿಂತಲ್ಲೇ ನಿಂತು ಹೊಡೆದಿದ್ದ. ದೊಡ್ಡ ಹುಡುಗರ ತಂಡದ ಎದುರು ಒಂದೂ ಗೋಲು ಹೊಡೆಯದ ದಿನ ಪುಟ ತುಂಬಿತ್ತು. ಮೂರು ಕಾರ್ನರ್ ಅವನದೇ. ಅದರಲ್ಲಿ ಒಂದು ಗೋಲಾಯಿತು, ಹೊಡೆದದ್ದು ಬೇರೆ ಹುಡುಗ, ಕೈ ಎತ್ತಿ ಓಡಿದ್ದೂ ಅವನೇ. ನಮ್ಮ ಹುಡುಗ ಮಂಡಿಗೆ ಅಂಟಿದ ಹಸಿರು ನೂಲು ಕೊಡವಿಕೊಳ್ಳುತ್ತಾ ತನ್ನ ಜಾಗಕ್ಕೆ ಹೋಗಿ ನಿಂತ.

ಆ ಪುಟವನ್ನು ಕೋಚ್‌ಗೆ ತೋರಿಸಿದೆ. ಅವರು ತುಂಬ ಹೊತ್ತು ನೋಡಿದರು. "ಇದನ್ನ ನಾನು ಬರೀಬೇಕಿತ್ತು" ಅಂದರು. ಒಳ್ಳೆಯ ಮನುಷ್ಯ.

ಕೂಡಿಗೆಯ ಮಾತು ಹತ್ತನೇ ಕ್ಲಾಸಿನ ತನಕ ಮುಂದಕ್ಕೆ ಹೋಯಿತು, ತಾಯಿ ಗೆದ್ದರು. ಆದರೆ ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಸೋಮವಾರಪೇಟೆಯಲ್ಲಿ ಇರುವುದು, ಅಲ್ಲಿನ ಹುಡುಗರ ಜೊತೆ ಆಡುವುದು ಅಂತ ರಾಜಿ ಆಯಿತು. ಅಲ್ಲಿನ ಹುಡುಗರು ಯಾರನ್ನೂ ಸುಮ್ಮನೆ ಬಿಡುವವರಲ್ಲ. ಸಣ್ಣವನಾ ದೊಡ್ಡವನಾ ಅಂತ ಅವರೇ ಹೇಳುತ್ತಾರೆ.

ರಾಯರು ಮೊನ್ನೆ ಸಿಕ್ಕಾಗ ಕೇಳಿದರು: "ನಿಮ್ಮ ಆ ನೋಟ್‌ಬುಕ್ ಒಮ್ಮೆ ಕೊಡಿ ಮಾರಾಯ್ರೆ. ಎಕ್ಸೆಲ್‌ನಲ್ಲಿ ಹಾಕಿ ನೋಡುವ."

ಕೊಟ್ಟಿದ್ದೇನೆ. ಇನ್ನೂ ವಾಪಸ್ ಬಂದಿಲ್ಲ.